ಗಂಟಲು ನೋಡಿ ಪಾತ್ರ ಕೊಡುವ ಮಲ್ಲಾಜಮ್ಮ

ಭೀಮನಬೀಡಿನ ಚೆಂಡುಹೂವಿನ ಹೊಲದಲ್ಲಿ ಇನ್ನೂ ಮಂಜು ಕರಗಿಲ್ಲ. ಮಲ್ಲಾಜಮ್ಮ ಬದುವಿನ ಮೇಲೆ ಕೂತು ಮಡಿಲಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡಿದ್ದಾರೆ. ಕೂಲಿಗೆ ಬಂದ ಕರಿಬಸಮ್ಮ ಹೂ ಬಿಡಿಸುತ್ತಲೇ ನಾಟಕದ ಹಾಡು ಹಾಡುತ್ತಾರೆ. ಈ ದನಿಯನ್ನು ಮಲ್ಲಾಜಮ್ಮ ಆರಿಸಿದ್ದೂ ಇಲ್ಲೇ. "ಬೆಳಿಗ್ಗೆ ಎದ್ದೇಟ್ಗೆ ಗಂಟ್ಲು ಸುಳ್ಳಾಡಕಿಲ್ಲ ಕಣಪ್ಪ. ಇರೋದು ಇದ್ದಂಗೆ ಬತ್ತದೆ," ಎನ್ನುತ್ತಾರೆ.

ಉಡಿಗಾಲದ ಈ ಅರವತ್ತರ ಹೆಂಗಸು ಹಳ್ಳಿಗಳ ಸಂಗೀತ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಾರೆ, ಹಾಡು ಕಲಿಸುತ್ತಾರೆ, ಯಾರಿಗೆ ಯಾವ ಪಾತ್ರವೆಂದು ತೀರ್ಮಾನಿಸುತ್ತಾರೆ. ಪ್ರಾಯದಲ್ಲಿ ತಾವೂ ಬಣ್ಣ ಹಚ್ಚಿದವರೇ. ಗುಂಡ್ಲುಪೇಟೆ, ಚಾಮರಾಜನಗರದ ಸುತ್ತಿನ ಗಂಡಸರ ತಂಡಗಳು ರಾಣಿಯ ಪಾತ್ರಕ್ಕೆ ಇವರನ್ನು ಕರೆಸುತ್ತಿದ್ದವು. "ಊರ್ಗೆ ದೊಡ್ಡೋರು ಅಂತ ರಾಜನ ಪಾರ್ಟು ಕೊಟ್ಬುಡೋರು. ಒಬ್ಬಯ್ಯ ಹಾಡಕ್ಕಾಗ್ದೆ, ಜನ ಸಿಳ್ಳೆ ಹೊಡ್ದು, ಪರದೆ ಹಿಂದೆ ಅತ್ಬುಟ್ಟ. ತಪ್ಪು ಅವನ್ದಲ್ಲ, ಕೊಟ್ಟೋರ್ದು."

ಈ ಸಲ ಭೀಮನಬೀಡಿನ ಹೆಂಗಸರೇ ತಂಡ ಕಟ್ಟಿದ್ದಾರೆ. ಮುಂದೆ ನಿಂತವರು ಈ ಹೊಲದ ಒಡತಿ ಗಂಗಾಂಬಿಕೆ. ತಾಲೀಮಿಗೆ ತಮ್ಮ ಮನೆಯ ಜಗುಲಿಯನ್ನೇ ಬಿಟ್ಟುಕೊಟ್ಟಿದ್ದರು. ರಾಜನ ಪಾತ್ರ ತಮ್ಮದೇ ಎಂದು ನಂಬಿದ್ದರು. ಆದರೆ ಹಾಡು ಮೇಲೇರಿದರೆ ಅವರ ದನಿ ಶ್ರುತಿ ಬಿಡುತ್ತಿತ್ತು. ಮಲ್ಲಾಜಮ್ಮ ಎಲ್ಲರೆದುರು ಏನೂ ಅನ್ನಲಿಲ್ಲ. ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದರು: "ಗಂಗವ್ವ, ರಾಜನ್ಗೆ ಬರೀ ಹಾಡೇ. ನಿನ್ ಮಾತ್ಗೆ ಗತ್ತದೆ, ಸೇನಾಪತಿ ಮಾಡವ್ವ."

ರಾಜನ ಪಾತ್ರ ಕರಿಬಸಮ್ಮನಿಗೆ ಹೋಯಿತು. ಗಂಗಾಂಬಿಕೆ ಮುನಿಸಿಕೊಂಡರು. ಜಗುಲಿ ತಪ್ಪಿ ತಾಲೀಮು ಶಾಲೆಯ ಪಡಸಾಲೆಗೆ ಬಂತು. ಕರಿಬಸಮ್ಮನಿಗೆ ದಿಗಿಲು. "ಅವ್ರ ಹೊಲ್ದಲ್ಲಿ ಕೂಲಿ ಮಾಡೋಳು ನಾನು. ಈ ಪಾರ್ಟು ನಂಗ್ಬ್ಯಾಡ, ಬುಟ್ಬುಡ್ತೀನಿ," ಎಂದು ಅಳುವಂತಾದರು. ಮಲ್ಲಾಜಮ್ಮ ಒಪ್ಪಲಿಲ್ಲ. "ನೀನು ಬುಟ್ರೆ ನಾನೂ ನಮ್ಮೂರ್ಗೆ ಓಯ್ತೀನಿ," ಎಂದುಬಿಟ್ಟರು.

ಒಂದು ಸಂಜೆ ಗಂಗಾಂಬಿಕೆ ಶಾಲೆಯ ಕಂಬಕ್ಕೊರಗಿ ನಿಂತು ಕರಿಬಸಮ್ಮನ ಹಾಡನ್ನು ಪೂರ್ತಿ ಕೇಳಿದರು. ಆಮೇಲೆ ಅವರೇ ಕೇಳಿದರು: "ನನ್ ಸೇನಾಪತಿ ಎಷ್ಟನೇ ಸೀನ್ಗೆ ಬರ್ತಾನೆ ಮಲ್ಲಾಜಮ್ಮ?"

ಈಗ ತಾಲೀಮು ಮತ್ತೆ ಜಗುಲಿಯಲ್ಲಿ. ಸೇನಾಪತಿ ಗದರಿದರೆ ಬೀದಿಯಲ್ಲಿ ಹೋಗುವವರೂ ನಿಲ್ಲುತ್ತಾರಂತೆ. ಮಾತು ಮುಗಿಸಿ ಏಳುತ್ತಾ ಮಲ್ಲಾಜಮ್ಮನ ಆಸೆ ಏನೆಂದು ಕೇಳುತ್ತೇನೆ. ಸೀರೆಗಂಟಿದ ಮಣ್ಣು ಕೊಡವಿಕೊಳ್ಳುತ್ತಾ ನಗುತ್ತಾರೆ.

"ನಾಟ್ಕದ ದಿನ ಹಾರ್ಮೋನಿ ಕಡೆ ಯಾರೂ ತಿರುಗಿ ನೋಡ್ಬಾರ್ದು. ನೋಡ್ನಿಲ್ಲ ಅಂದ್ರೆ, ಹಾಡು ನೆಟ್ಟಗೆ ನಡೀತಾ ಅದೆ ಅಂತ."