ನರ್ಸಬಾಯಿಯ ಉಪ್ಪುನೀರು, ಆಯಿಯ ಅರಿಶಿಣ

ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿದರೆ ಒಂದು ವಾಸನೆ ಬರುತ್ತದೆ. ಉಪ್ಪಿಗೆಲ್ಲಿಯ ವಾಸನೆ ಎಂದು ಮಗಳು ನಗುತ್ತಾಳೆ. ನಗಲಿ, ನನಗಂತೂ ಬರುತ್ತದೆ.

ಹೋದ ವಾರ ಅವಳು ಕೊಲ್ಲಾಪುರದ ಕಾಲೇಜಿನಿಂದ ಚಿಕ್ಕೋಡಿಗೆ ಬಂದವಳು, ಚೀಲ ಕೂಡ ಇಳಿಸದೆ ನನ್ನೆದುರು ನಿಂತು ನಾಲಿಗೆ ಚಾಚಿದಳು. ನಟ್ಟನಡುವೆ ಸಾಬೂದಾಣಿ ಕಾಳಿನಷ್ಟು ಉಕ್ಕಿನ ಗುಂಡು. ಮೂಗು ಚುಚ್ಚಿಸಿಕೋ ಎಂದಾಗಲೆಲ್ಲ ಹಳೇ ಕಾಲದ್ದು ಎನ್ನುತ್ತಿದ್ದ ಹುಡುಗಿ ನಾಲಿಗೆ ಚುಚ್ಚಿಸಿಕೊಂಡು ಬಂದಿದ್ದಳು. ಬಯ್ಯಬೇಕೋ ನಗಬೇಕೋ ತಿಳಿಯಲಿಲ್ಲ. ನಾಲಿಗೆ ಬಾತುಹೋಗಿ ಮಾತು ತೊದಲುತ್ತಿತ್ತು. ಚುಚ್ಚಿದವರು ಒಂದು ಚೀಟಿ ಕೊಟ್ಟಿದ್ದಾರೆ, ಓದು ಎಂದು ಕೈಗೆ ಕೊಟ್ಟಳು. ಉಂಡ ಮೇಲೆ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಬೇಕು, ಬೆರಳು ತಾಗಿಸಬಾರದು, ಗುಂಡು ತಿರುವಬಾರದು, ಕೆಲವು ದಿನ ಖಾರ, ಬಿಸಿ ಬೇಡ.

ಪೂರ್ತಿ ಓದುವ ಮೊದಲೇ ನಾನು ಒಲೆಯ ಮೇಲೆ ನೀರಿಟ್ಟಾಗಿತ್ತು. ಕುದಿಸಿ ಆರಿಸಿದ ಒಂದು ಲೋಟ ನೀರು, ಕಾಲು ಚಮಚ ಉಪ್ಪು. ಇದೆಲ್ಲ ನಿನಗೆ ಯಾರು ಹೇಳಿಕೊಟ್ಟರು ಎಂದು ಮಗಳು ತೊದಲುತ್ತಲೇ ಕೇಳಿದಳು. ಚಮಚ ಹಿಡಿದುಕೊಂಡೇ ನಿಂತುಬಿಟ್ಟೆ...

ನನಗೆ ಹೇಳಿಕೊಟ್ಟವರು ನರ್ಸಬಾಯಿ. ರಾಯಬಾಗದಿಂದ ಚಿಂಚಲಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರಿನ ಆರೋಗ್ಯ ಕೇಂದ್ರದ ಹಿಂದಿನ ಎರಡು ಕೋಣೆಗಳಲ್ಲಿ ಅವರೊಬ್ಬರೇ ಇದ್ದರು. ಕಾಗವಾಡ ಕಡೆಯವರು, ಬೌದ್ಧರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಸಾಲಾಗಿ ಒಗೆದು ಮಡಚಿಟ್ಟ ಬಿಳಿ ಸೀರೆಗಳು. ಕನ್ನಡ ಮಾತಾಡುತ್ತಿದ್ದರು, ಎಣಿಸುವುದು ಮಾತ್ರ ಮರಾಠಿಯಲ್ಲಿ. ನಮ್ಮೂರಿನ ಅರ್ಧ ಮಕ್ಕಳು ಅವರ ಕೈಮೇಲೆಯೇ ಹುಟ್ಟಿದ್ದವು, ನನ್ನ ತಮ್ಮನೂ ಸೇರಿ.

ಆ ಕೈಯ ಮೇಲೆ ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಬಹಳ ನಂಬಿಕೆ. ಹಬ್ಬಕ್ಕೆ ಬೆಲ್ಲ ಕಳಿಸುತ್ತಿದ್ದಳು, ನರ್ಸಬಾಯಿ ಬಂದರೆ ‘ಬರ್ರಿ ಬಾಯಿ’ ಎಂದು ಬಹುವಚನದಲ್ಲೇ ಕರೆಯುತ್ತಿದ್ದಳು. ಆದರೆ ಅವರು ಕೂರುವುದು ಹೊರಗಿನ ಕಟ್ಟೆಯ ಮೇಲೆ. ಚಹಾ ಕುಡಿಯಲು ಅವರಿಗೆಂದೇ ಒಂದು ಕಪ್ಪು, ಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಕುಡಿದು ಅವರೇ ತೊಳೆದು ಬೋರಲಾಗಿ ಇಟ್ಟು ಹೋಗುತ್ತಿದ್ದರು. ಜಾತಿಯ ಲೆಕ್ಕ ಅದು, ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ಪಾಲಿಸುತ್ತಿದ್ದ ಲೆಕ್ಕ.

ನಾನು ಸಾಲೆಯಲ್ಲಿ ಎಂಟನೇ ಇಯತ್ತೆಯಲ್ಲಿದ್ದಾಗ ಆಯಿ ಬಂಗಾರದ ಕೆಲಸದ ಪತ್ತಾರನನ್ನು ಮನೆಗೆ ಕರೆಸಿದಳು. ಮೂಗು ಚುಚ್ಚುವ ಮೊದಲೇ ಜಗಳ. ಆಯಿ ಬಲಕ್ಕೆ ಎಂದಳು. ಅವ್ವ ಮೀರಜ ಕಡೆಯ ಹೆಣ್ಣು, ನತ್ತು ಎಡಕ್ಕೇ ಚಂದ ಎಂದಳು. ಇಬ್ಬರ ನಡುವೆ ಬೇಸತ್ತ ಪತ್ತಾರ ನನ್ನನ್ನೇ ಕೇಳಿದ. ನಾನು ಯಾಕೋ ಎಡಕ್ಕೆ ಬೆರಳು ತೋರಿಸಿದೆ. ಯಾಕೆ ಎಂಬುದು ಇವತ್ತಿಗೂ ಗೊತ್ತಿಲ್ಲ. ಆಯಿ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಮುಂದಿನ ಆರೈಕೆ ಮಾತ್ರ ಅವಳದೇ. ನಮ್ಮ ಹೊಲದಲ್ಲಿ ಕಬ್ಬಿನ ಪಕ್ಕ ಒಂದಿಷ್ಟು ಅರಿಶಿಣ ಬೆಳೆಯುತ್ತಿದ್ದೆವು. ಆಯಿ ಅದನ್ನು ತಾನೇ ಕುದಿಸಿ, ಒಣಗಿಸಿ, ಕುಟ್ಟಿ ಡಬ್ಬಿ ತುಂಬುತ್ತಿದ್ದಳು. ಅಂಗಡಿಯ ಅರಿಶಿಣವೆಂದರೆ ಅವಳ ಪ್ರಕಾರ ಬಣ್ಣ ಹಾಕಿದ ಹಿಟ್ಟು. ಬೆಳಗ್ಗೆ ಸಂಜೆ ಎಣ್ಣೆಯಲ್ಲಿ ಕಲಸಿದ ಅರಿಶಿಣ ಮೆತ್ತಿ, ಬಂಗಾರದ ತಂತಿಯನ್ನು ಗರಗರ ತಿರುವುತ್ತಿದ್ದಳು. ತಿರುವದಿದ್ದರೆ ಮಾಂಸಕ್ಕೆ ಅಂಟುತ್ತದಂತೆ. ಎಂಟು ದಿನಕ್ಕೆ ಕೀವು ಬಂತು. ಯಾರದೋ ನೆರಳು ಬಿದ್ದಿದೆ ಎಂದು ಇನ್ನಷ್ಟು ಅರಿಶಿಣ, ಇನ್ನಷ್ಟು ತಿರುವು. ಓಣಿಯವರದು ಒಬ್ಬೊಬ್ಬರದು ಒಂದೊಂದು ಮಾತು. ಬೇವಿನ ಕಡ್ಡಿ ಹಾಕು, ಬೂದಿ ಹಚ್ಚು, ತಂತಿ ತೆಗೆ, ತೆಗೆಯಬೇಡ. ಯಾರದನ್ನು ಕೇಳಬೇಕೋ ತಿಳಿಯದೆ ಎಲ್ಲರದನ್ನೂ ಕೇಳಿದೆ. ತೂತಿನ ಪಕ್ಕ ಜೋಳದ ಕಾಳಿನಷ್ಟು ಕೆಂಪು ಮಾಂಸ ಬೆಳೆಯಿತು. ಮೂಗು ಕೊಳೆತು ಬೀಳುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ಕನ್ನಡಿ ನೋಡುವುದನ್ನೇ ಬಿಟ್ಟಿದ್ದೆ.

ಒಂದು ಬೆಳಗ್ಗೆ ಸಾಲೆಗೆ ಹೋಗುವ ದಾರಿಯಲ್ಲಿ ನರ್ಸಬಾಯಿ ನನ್ನನ್ನು ತಡೆದರು. ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ಕೈ ಹಿಡಿದು ಒಳಗೆ ಕರೆದೊಯ್ದರು. ಮೊದಲು ತಾವು ಸೋಪು ಹಚ್ಚಿ ಮೊಣಕೈತನಕ ಕೈ ತೊಳೆದರು. ಆಮೇಲೆ ಕುದಿಸಿ ಆರಿಸಿದ ನೀರಿಗೆ ಕಾಲು ಚಮಚ ಉಪ್ಪು ಹಾಕಿ, ಬಟ್ಟೆ ಅದ್ದಿ ಮೂಗಿನ ಮೇಲಿಟ್ಟರು. ಒಣಗಿ ಕೂತ ಅರಿಶಿಣ ನಿಧಾನಕ್ಕೆ ನೆನೆದು ಬಿಟ್ಟಿತು.

"ತಿರುವಬ್ಯಾಡ, ಮುಟ್ಟಬ್ಯಾಡ, ತಂತಿ ತಗೀಬ್ಯಾಡ ತಂಗಿ. ತಗದ್ರ ತೂತ ಮುಚ್ಚಿ ಕೀವು ಒಳಗ ಉಳೀತೈತಿ. ಬರೇ ತೊಳಿ, ಸುಮ್ಮ ಬಿಡ."

ಆಯಿ ಬಯ್ಯುತ್ತಾಳೆ ಎಂದೆ. ಅವರು ಬಟ್ಟೆ ಹಿಂಡಿ ಹರವಿದರು. ಹಾಗಾದರೆ ಬೆಳಗ್ಗೆ ಸಾಲೆಗೆ ಹೋಗುವಾಗ ಬಾ, ಸಂಜೆ ಮನೆಗೆ ಹೋಗುವ ಮುಂಚೆ ಬಾ ಎಂದರು. ಹೀಗೆ ಶುರುವಾಯಿತು ನಮ್ಮ ಗುಟ್ಟು. ಬೆಳಗ್ಗೆ ಆಯಿ ಮೆತ್ತಿದ್ದನ್ನು ನರ್ಸಬಾಯಿ ತೊಳೆಯುವುದು. ಸಂಜೆ ಇನ್ನೊಮ್ಮೆ ತೊಳೆದು, ಆಯಿಯ ಕಣ್ಣಿಗೆ ಕಾಣಲೆಂದು ತಮ್ಮ ಅಡುಗೆ ಡಬ್ಬಿಯ ಅರಿಶಿಣವನ್ನು ತೂತಿಗೆ ತಾಗದಂತೆ ಮೂಗಿನ ಬದಿಗೆ ಮಾತ್ರ ಸವರಿ ಕಳಿಸುವುದು. ಅದರ ಮೇಲೆ ಮತ್ತೆ ಯಾಕೆ ಎಂದು ಆಯಿ ಸಂಜೆಯ ಮೆತ್ತುವುದನ್ನು ಬಿಟ್ಟಳು. ಇನ್ನು ತಿರುವಬೇಡ, ನೋಯುತ್ತದೆ ಎಂದು ನಾನು ಅತ್ತದ್ದಕ್ಕೆ ಅದನ್ನೂ ಬಿಟ್ಟಳು. ಅಷ್ಟು ಬೇಗ ಒಪ್ಪಿದ್ದು ನನಗೇ ಆಶ್ಚರ್ಯ.

ನಾಲ್ಕೈದು ದಿನವಾಗಿರಬೇಕು. ನರ್ಸಬಾಯಿಗೆ ಕೊಟ್ಟು ಬಾ ಎಂದು ಆಯಿ ನನ್ನ ಕೈಯಲ್ಲಿ ಒಂದು ಬೆಲ್ಲದ ಹೆಂಟೆ ಮತ್ತು ಕಾಗದದಲ್ಲಿ ಕಟ್ಟಿದ ಅರಿಶಿಣ ಕಳಿಸಿದಳು. ಪಲ್ಯಕ್ಕೆ ಇರಬೇಕು ಎಂದುಕೊಂಡೆ. ನರ್ಸಬಾಯಿ ಪೊಟ್ಟಣ ಬಿಚ್ಚಿ, ಮೂಸಿ, ತಮ್ಮಷ್ಟಕ್ಕೆ ನಕ್ಕರು. ಅವತ್ತಿನಿಂದ ಸಂಜೆ ಸವರುವುದಕ್ಕೆ ಅದನ್ನೇ ಬಳಸಿದರು.

ಮಾಂಸ ಬಾಡಿ ಉದುರಿತು. ಎರಡು ತಿಂಗಳಲ್ಲಿ ಮೂಗು ಮೊದಲಿನಂತಾಯಿತು. ಪೋಲಿಯೋ ಹನಿ ಹಾಕುವ ದಿನ ನರ್ಸಬಾಯಿ ನೀಲಿ ಡಬ್ಬಿ ಹಿಡಿದು ನಮ್ಮ ಕಟ್ಟೆಗೆ ಬಂದರು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಆಯಿ ನನ್ನನ್ನು ಹೊರಗೆ ಕರೆದು, ಮುಖ ಎತ್ತಿ ತೋರಿಸಿದಳು.

"ನೋಡ್ರಿ ಬಾಯಿ, ಹೆಂಗ ಮಾಯ್ದೈತಿ. ನಮ್ಮ ಮನಿ ಅರಿಶಿಣ, ಮತ್ತೇನಿಲ್ಲ."

ನರ್ಸಬಾಯಿ ನನ್ನನ್ನು ನೋಡಿದರು. ಹೇಳಬೇಡ ಎಂದಿತ್ತೋ, ಹೇಳು ಎಂದಿತ್ತೋ ಆ ನೋಟ... ಇಷ್ಟು ವರ್ಷ ತಿರುಗಿಸಿ ಮುರುಗಿಸಿ ನೋಡಿದ್ದೇನೆ, ತಿಳಿದಿಲ್ಲ. ನಾನು ಸುಮ್ಮನೆ ನಿಂತೆ. "ಹೌದ್ರಿ ಆಯಿ," ಎಂದರು ಅವರು, "ನಿಮ್ಮ ಅರಿಶಿಣದಾಗ ಗುಣ ಐತಿ." ಆಮೇಲೆ ಚಹಾ ಕುಡಿದು, ಕಪ್ಪು ತೊಳೆದು, ಗೂಡಿನಲ್ಲಿ ಬೋರಲಾಗಿಟ್ಟು ಮುಂದಿನ ಮನೆಗೆ ಹೋದರು.

ಆ ಮೇಲೆ ನಾನು ಅವರ ಬಾಗಿಲಿಗೆ ಹೋಗಲಿಲ್ಲ. ನಾಚಿಕೆಯಾಗಿತ್ತು. ಎರಡು ವರ್ಷಕ್ಕೆ ಅವರಿಗೆ ಅಥಣಿ ಕಡೆ ವರ್ಗವಾಯಿತು. ಹೇಳಿ ಹೋಗಲು ಬಂದು ಕಟ್ಟೆಯ ಮೇಲೆ ಕೂತಿದ್ದರು, ಅವ್ವ ನನ್ನನ್ನು ಎರಡು ಸಲ ಕೂಗಿದಳು. ಅಭ್ಯಾಸ ಐತಿ ಎಂದು ಪುಸ್ತಕ ಹಿಡಿದು ಒಳಗೇ ಉಳಿದೆ. ಮುಂದೆ ಮದುವೆ, ಮಗಳು, ಚಿಕ್ಕೋಡಿ. ಕೆಲವು ವರ್ಷದ ಹಿಂದೆ ಉಗಾರ ಖುರ್ದದ ಒಂದು ಮದುವೆಯಲ್ಲಿ, ಅವರ ಜೊತೆ ಕೆಲಸ ಮಾಡಿದ್ದ ಇನ್ನೊಬ್ಬ ನರ್ಸ್ ಸಿಕ್ಕರು. ನಮ್ಮ ನರ್ಸಬಾಯಿ ನಿವೃತ್ತಿಯಾದ ಮರುವರ್ಷವೇ ತೀರಿಹೋದರು ಎಂದರು. ಊಟದ ಸಾಲಿನಲ್ಲಿ ಕೂತಿದ್ದೆ, ಎಲೆ ಮಡಚಿ ಎದ್ದೆ.

ಇದನ್ನೆಲ್ಲ ಮಗಳಿಗೆ ಹೇಗೆ ಹೇಳುವುದು? ಚಮಚ ಹಿಡಿದು ನಿಂತಿದ್ದೆನಲ್ಲ, ಅಷ್ಟರಲ್ಲಿ ಅವ್ವ ಬಾಯಿ ಹಾಕಿದಳು. ಕಣ್ಣು ತೋರಿಸಲೆಂದು ಬಂದವಳು ತಿಂಗಳಿಂದ ನಮ್ಮಲ್ಲೇ ಇದ್ದಾಳೆ, ಅಡುಗೆಮನೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಉಪ್ಪುನೀರಿನಿಂದ ಏನಾಗುತ್ತದೆ, ಚಿಟಿಕೆ ಅರಿಶಿಣ ಹಚ್ಚು, ನಿಮ್ಮವ್ವನ ಮೂಗು ಮಾಯ್ದದ್ದು ಅದರಿಂದಲೇ ಎಂದಳು ಮೊಮ್ಮಗಳಿಗೆ.

ಈ ಸಲ ನನಗೆ ಸುಮ್ಮನಿರಲು ಆಗಲಿಲ್ಲ. "ಅಲ್ಲಬೇ ಅವ್ವಾ. ಮಾಯಿಸಿದಾಕಿ ನರ್ಸಬಾಯಿ," ಎಂದೆ.

"ಗೊತ್ತೈತಿ," ಎಂದಳು ಅವ್ವ, ತಲೆ ಎತ್ತದೆ. "ಅತ್ತಿಗೂ ಗೊತ್ತಿತ್ತು."

ಸಂಜೆ ಮನೆಗೆ ಬಂದ ನನ್ನ ಮೂಗಿನ ಮೇಲಿನ ಅರಿಶಿಣವನ್ನು ಆಯಿ ಒಂದು ದಿನ ಹೆಬ್ಬೆರಳಿನಿಂದ ಒರೆಸಿ ಮೂಸಿ ನೋಡಿದಳಂತೆ. ಅಂಗಡಿಯದು. ನನ್ನ ಸಾಲೆಯ ದಾರಿಯಲ್ಲಿ ಅಂಗಡಿಯ ಅರಿಶಿಣ ತರುವವರು ಯಾರು ಎಂದು ಅವಳಿಗೆ ಗೊತ್ತಿಲ್ಲವೇ? ನನಗೇನೂ ಹೇಳದೆ ಮರುದಿನ ಮನೆಯ ಅರಿಶಿಣ ಕಟ್ಟಿ ನನ್ನ ಕೈಯಲ್ಲೇ ಕಳಿಸಿದಳು. ಹಚ್ಚುವುದಾದರೆ ಒಳ್ಳೆಯದನ್ನೇ ಹಚ್ಚಲಿ ಎಂದು ಅವ್ವನಿಗೆ ಮಾತ್ರ ಹೇಳಿದಳಂತೆ. ಅಂದರೆ ಪೊಟ್ಟಣ ಮೂಸಿ ನಕ್ಕಾಗ ನರ್ಸಬಾಯಿಗೂ ತಿಳಿದಿರಬೇಕು. ಗುಟ್ಟು ಎಂದುಕೊಂಡಿದ್ದವಳು ನಾನೊಬ್ಬಳೇ.

ಹಾಗಾದರೆ ಕಟ್ಟೆಯ ಮೇಲೆ ಅವರಿಬ್ಬರೂ ಆಡಿದ್ದೇನು? ಆಯಿ ಓಣಿಯೆದುರು ಉಪಕಾರ ಹೇಳಿದಳೋ, ನುಂಗಿದಳೋ? ನರ್ಸಬಾಯಿ ಒಪ್ಪಿಕೊಂಡರೋ, ಸಹಿಸಿಕೊಂಡರೋ? ನನ್ನ ತಲೆ ಕಲಸಿಹೋಯಿತು.

"ಎಲ್ಲಾ ಗೊತ್ತಿತ್ತಂದಮ್ಯಾಲ ಆ ಕಪ್ಪು ಯಾಕ ಗೂಡಿನಾಗ ಇತ್ತವ್ವಾ?"

ಮಗಳು ಬಾಯಿತುಂಬ ಉಪ್ಪುನೀರು ಹಿಡಿದು, ಏನೂ ಕೇಳಲಾಗದೆ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವ್ವ ಸುಲಿದ ಬೆಳ್ಳುಳ್ಳಿ ಬದಿಗಿಟ್ಟು ಇನ್ನೊಂದು ಗಡ್ಡೆ ಎತ್ತಿಕೊಂಡಳು. ಆಯಿ, ನರ್ಸಬಾಯಿ ಇಬ್ಬರೂ ಈಗ ಇಲ್ಲ.

ಆ ಗೂಡು ಅಷ್ಟೇನೂ ಎತ್ತರದಲ್ಲಿರಲಿಲ್ಲ. ಕಪ್ಪು ತೆಗೆದು ಒಳಗಿಡಲು ಎಂಟನೇ ಇಯತ್ತೆಯ ಹುಡುಗಿಗೂ ಕೈ ಎಟಕುತ್ತಿತ್ತು.