ಮಳೆ ಇಲ್ಲವೆನ್ನುತ್ತಿದ್ದ ಅಂಕಲ್

ಮೊನ್ನೆ ಮಧ್ಯಾಹ್ನ ಹಿಂದಿನ ಬೀದಿಯಲ್ಲಿ ಯಾರೋ ಒಣಗಿದ ತೆಂಗಿನ ಗರಿಗಳನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದರು. ನಾನು ಫೋನಿನಲ್ಲಿ ಹವಾಮಾನ ನೋಡುತ್ತಾ ಕೂತಿದ್ದೆ. ಈ ವಾರವೆಲ್ಲ ಬಿಸಿಲು ಏರುತ್ತಲೇ ಹೋಗುತ್ತದೆ, ಮಧ್ಯಾಹ್ನದ ಮೇಲೆ ಅಲ್ಲಲ್ಲಿ ಗುಡುಗು ಸಿಡಿಲಿನ ಮಳೆ ಎಂದಿತ್ತು. ಅದನ್ನು ಓದುತ್ತಿರುವಾಗಲೇ ಗರಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು ನೋಡಿ, ಪಕ್ಕದ ಮನೆಯ ಅಂಕಲ್ ಕಾಂಪೌಂಡಿನ ಆಚೆ ಬಂದು ನಿಂತಂತಾಯಿತು...

ನಮ್ಮೂರು ಹಿನಕಲ್ ಆಗಿನ್ನೂ ಅರ್ಧ ಹಳ್ಳಿ. ನಮ್ಮ ಮನೆಯ ಹಿಂದೆಯೇ ರಾಗಿ ಹೊಲ. ಅಂಕಲ್ ರೈಲ್ವೆ ಕೆಲಸದಿಂದ ನಿವೃತ್ತರಾಗಿ ಆಂಟಿಯೊಂದಿಗೆ ಪಕ್ಕದ ಮನೆಗೆ ಬಂದಿದ್ದರು. ಮಕ್ಕಳಿರಲಿಲ್ಲ. ಭಾನುವಾರ ಇಬ್ಬರೂ ಚರ್ಚಿಗೆ ಹೊರಟರೆ ಬೀದಿಯೇ ನೋಡುತ್ತಿತ್ತು. ಎಂಥ ಬಿಸಿಲಿದ್ದರೂ ಅಂಕಲ್ ಮೈಮೇಲೆ ಕೋಟು ಇರಲೇಬೇಕು.

ಬೇಸಿಗೆ ಬಂತೆಂದರೆ ಅವರಿಗೊಂದು ಕೆಲಸ. ಬೆಳಗಿನ ರೇಡಿಯೋ ವಾರ್ತೆಯಲ್ಲಿ ಹವಾಮಾನ ಶುರುವಾಗುವಷ್ಟರಲ್ಲಿ ಟಪ್ಪನೆ ಆಫ್ ಮಾಡಿ, ಕಾಂಪೌಂಡಿನ ಬಳಿ ಬಂದು ತಮ್ಮದೇ ವರದಿ ಕೊಡುವುದು.

“ಇವತ್ತು ಮಳೆ ಇಲ್ಲ ಕಣಮ್ಮ! ಧೈರ್ಯವಾಗಿ ಸಂಡಿಗೆ ಹಾಕ್ಬುಡು!”

ಅವರು ಬಂದ ಮೊದಲ ಬೇಸಿಗೆಯಲ್ಲಿ ಅಮ್ಮ ಈ ಮಾತನ್ನು ನಂಬಿದಳು. ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಸಬ್ಬಕ್ಕಿ ಸಂಡಿಗೆ ಇಟ್ಟು, ಕೆಳಗೆ ಬಂದು ನೆಮ್ಮದಿಯಾಗಿ ಮಲಗಿದಳು. ಬೆಟ್ಟದ ಕಡೆಯಿಂದ ಯಾವಾಗ ಕಪ್ಪಾಯಿತೋ ಗೊತ್ತಾಗಲಿಲ್ಲ. ಎದ್ದು ಓಡುವಷ್ಟರಲ್ಲಿ ಸಂಡಿಗೆಯೆಲ್ಲ ಮತ್ತೆ ಗಂಜಿ! ಅಮ್ಮನ ಕೋಪ ನೆತ್ತಿಗೇರಿತು. “ಆಯಪ್ಪನ್ನ ಇವತ್ತು ಬುಡಾಕಿಲ್ಲ” ಎಂದು ತಲೆ ಮೇಲೆ ಮೊರ ಹಿಡಿದು ಮಳೆಯಲ್ಲೇ ಹೊರಟಳು. ಜಗಳ ನೋಡುವ ಆಸೆಗೆ ನಾನೂ ಹಿಂದೆ ಓಡಿದೆ.

ಅವರ ಮನೆ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಆಂಟಿ ಮೂಲೆಯಲ್ಲಿ ನೆಲದ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಎದುರಿಗೆ ಅಂಕಲ್, ಎರಡೂ ಅಂಗೈಗಳಿಂದ ಆಂಟಿಯ ಕಿವಿ ಮುಚ್ಚಿ ಹಿಡಿದು. ಕಿಟಕಿಯಲ್ಲಿ ತಟ್ಟೆಯೊಂದರ ಮೇಲೆ ಒಣ ಗರಿಯ ಚೂರು ಹೊಗೆಯಾಡುತ್ತಿತ್ತು. ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಚರ್ಚಿನಿಂದ ತಂದ ಗರಿಯನ್ನು ಜೋಪಾನವಾಗಿಟ್ಟು, ಗುಡುಗಿದಾಗ ಒಂದು ಚೂರು ಸುಡುವುದು ಅವರ ಮನೆಯ ಪದ್ಧತಿಯಂತೆ. ಒಂದೊಂದು ಗುಡುಗಿಗೂ ಆಂಟಿಯ ಮೈ ಅದುರುತ್ತಿತ್ತು.

“ಎಲ್ಲೋ ದೂರದಲ್ಲಿ ಕಣೆ... ಇಲ್ಲಲ್ಲ, ಇಲ್ಲಲ್ಲ” ಎನ್ನುತ್ತಿದ್ದರು ಅಂಕಲ್. ಕಿವಿ ಮುಚ್ಚಿದ್ದು ತಾವೇ ಆದ್ದರಿಂದ ಅದು ಆಂಟಿಗೆ ಕೇಳುತ್ತಿತ್ತೋ ಇಲ್ಲವೋ.

ಅಮ್ಮ ಬಾಗಿಲಿನಿಂದಲೇ ಹಿಂದಿರುಗಿದಳು. ಚಿಕ್ಕಂದಿನಲ್ಲಿ ಆಂಟಿಯ ಕಣ್ಣೆದುರೇ ಅವರ ಅಕ್ಕನಿಗೆ ಸಿಡಿಲು ಬಡಿದಿತ್ತು ಎಂಬುದು ಅವತ್ತು ಸಂಜೆ ತಿಳಿಯಿತು. ಮಳೆ ಬರುತ್ತದೆ ಎಂದು ಬೆಳಿಗ್ಗೆ ಕಿವಿಗೆ ಬಿದ್ದರೆ ಸಾಕು, ಇಡೀ ದಿನ ಅವರ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಅಂಕಲ್ ವರದಿ ನಮಗಲ್ಲ, ಒಳಗೆ ಕಾಫಿ ಸೋಸುತ್ತಿದ್ದ ಆಂಟಿಗೆ.

ಮಾರನೆಯ ದಿನದಿಂದ ಅಮ್ಮನೂ ಆ ನಾಟಕಕ್ಕೆ ಸೇರಿಕೊಂಡಳು. ಅಂಕಲ್ ಮಳೆ ಇಲ್ಲ ಎಂದರೆ ಇವಳದು ಇನ್ನೂ ಜೋರು ಗಂಟಲು. “ಹೌದಾ ಅಣ್ಣ? ಹಂಗಾರೆ ಮೆಣಸಿನಕಾಯೂ ಒಣಗಾಕ್ತೀನಿ ಬುಡಿ!” ಅಂಕಲ್ ಬಾಯಿ ಮಳೆ ಇಲ್ಲ ಎನ್ನುತ್ತಿದ್ದರೆ, ಮೋಡದ ದಿನ ಅವರ ಕೈ ಮಾತ್ರ ಕಾಂಪೌಂಡಿನ ಮೇಲೆ ಮೆಲ್ಲಗೆ ‘ಬೇಗ ಎತ್ತಿಕೋ’ ಎಂದು ಸನ್ನೆ ಮಾಡುತ್ತಿತ್ತು. ಕೈಯ ವರದಿಯೂ ಎಷ್ಟೋ ಸಲ ಸುಳ್ಳಾಗುತ್ತಿತ್ತು, ಅದು ಬೇರೆ ಮಾತು. ಹಾಗೇ ಎಷ್ಟೋ ಬೇಸಿಗೆ ಕಳೆದವು...

ಒಂದು ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನ ಅದು. ಅಷ್ಟಾದರೂ ಆಯಿತಲ್ಲ ಎಂದು ಅಮ್ಮ ಕಣ್ಣೊರೆಸಿಕೊಂಡಳು.

ಮತ್ತೆ ಬೇಸಿಗೆ ಬಂತು. ತಾರಸಿ ಕಾದ ಕಾವಲಿಯಾಗಿತ್ತು. ಅಮ್ಮ ಸಂಡಿಗೆ ಇಡುತ್ತಿದ್ದಳು, ನಾನು ಹಿಟ್ಟಿನ ಪಾತ್ರೆ ಹಿಡಿದಿದ್ದೆ. ಅಂಕಲ್ ಹೊರಗೆ ಬಂದರು. ಅವತ್ತು ಕೋಟು ಇರಲಿಲ್ಲ. ಸುಮ್ಮನಿರಲಾರದೆ ಅಮ್ಮ ಮೇಲಿನಿಂದಲೇ ಕೂಗಿದಳು.

“ಇವತ್ತು ಎಂಗಣ್ಣ? ಮಳೆ ಬತ್ತದಾ?”

ಅವರು ತಲೆಯೆತ್ತಿ ಬಹಳ ಹೊತ್ತು ಆಕಾಶ ನೋಡಿದರು.

“ಬರತ್ತೆ ಕಣಮ್ಮ. ಎತ್ತಿಟ್ಕೊಬುಡು.”

ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಆ ಮಾತು ನಾವು ಕೇಳಿದ್ದು ಅದೇ ಮೊದಲು. ಅಮ್ಮ ಹಿಟ್ಟಿನ ಕೈಯಲ್ಲೇ ಬಿಸಿ ತಾರಸಿಯ ಮೇಲೆ ಕೂತು ಅತ್ತುಬಿಟ್ಟಳು. ಸಂಜೆ ಮಳೆ ಬಂತು, ಸಿಡಿಲೂ ಬಡಿಯಿತು. ಪಕ್ಕದ ಕಿಟಕಿಯಲ್ಲಿ ಹೊಗೆ ಕಾಣಲಿಲ್ಲ.

ಅಂಕಲ್ ಹೋಗಿಯೂ ಈಗ ಬಹಳ ವರ್ಷವಾಯಿತು. ಆ ಮನೆಯ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ ಎದ್ದಿದೆ. ಹಳೆಯ ಕಾಂಪೌಂಡ್ ಗೋಡೆಯನ್ನು ಮಾತ್ರ ಯಾಕೋ ಕೆಡವಿಲ್ಲ. ಮಂಡಿನೋವಿನ ಅಮ್ಮ ಮೆಟ್ಟಿಲು ಹತ್ತುವುದಿಲ್ಲ, ಸಂಡಿಗೆ ಅಂಗಡಿಯಿಂದ ಬರುತ್ತದೆ. ಮೊನ್ನೆ ಫೋನ್ ಹಿಡಿದುಕೊಂಡೇ ಆ ಗೋಡೆಯ ಬಳಿ ಹೋದೆ. ಬೆಟ್ಟದ ಕಡೆ ಮೋಡ ಕಟ್ಟುತ್ತಿತ್ತು. ಅವರಿಬ್ಬರೂ ಇರಬೇಕಿತ್ತು ಅನಿಸಿತು. ಗೋಡೆಯಾಚೆಗೆ ಜೋರಾಗಿಯೇ ಹೇಳಿದೆ.

“ಇವತ್ತು ಮಳೆ ಇಲ್ವಂತೆ ಆಂಟಿ!”