ವಾಲ್ವಿನೊಳಗಿನ ಕುಂಕುಮ

ದೇಶ ಆಕಾಶಕ್ಕೆ ರಾಕೆಟ್ ಹಾರಿಸಲು ನೆರವಾದವರ ಪಟ್ಟಿ ಯಾರಾದರೂ ಮಾಡಿದರೆ ಅದರಲ್ಲಿ ನನ್ನ ಹೆಸರು ಇರುವುದಿಲ್ಲ. ಆದರೆ ನಾನು ಮಾಡಿದ ಒಂದು ಕೆಲಸದ ಬಗ್ಗೆ ಸಂಶೋಧನಾ ಕೇಂದ್ರವೊಂದು ಎರಡು ಪುಟದ ವರದಿ ಬರೆದಿದೆ. ಅಷ್ಟು ಗಮನವಿಟ್ಟು ನನ್ನನ್ನು ನೋಡಿದವರು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಎಪ್ಪತ್ತರ ದಶಕದ ಕೊನೆ. ಠಾಣೆ ಪಟ್ಟಣದ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಇನ್‌ಸ್ಪೆಕ್ಷನ್ ಕೆಲಸಕ್ಕಿದ್ದೆ. ನಮ್ಮ ಗಿರಾಕಿಗಳೆಲ್ಲ ಪಂಪು ಮಾಡುವವರು. ಸಾಮಾನನ್ನು ತಿರುಗಿಸಿಯೂ ನೋಡದೆ ಟೆಂಪೋಗೆ ಹಾಕಿಕೊಂಡು ಹೋಗುತ್ತಿದ್ದರು. ಒಬ್ಬ ಗಿರಾಕಿ ಮಾತ್ರ ಬೇರೆ, ದಕ್ಷಿಣದ ಸಮುದ್ರದಂಡೆಯ ಆ ಕೇಂದ್ರ. ಅವರ ರಾಕೆಟ್ಟಿಗೆ ಹೆಬ್ಬೆರಳು ಗಾತ್ರದ ಉಕ್ಕಿನ ವಾಲ್ವುಗಳನ್ನು ಮಾಡಿಕೊಡುತ್ತಿದ್ದೆವು. ಒಂದೊಂದಕ್ಕೂ ಒಂದು ನಂಬರು, ಒಂದು ಕಾರ್ಡು, ಕಾರ್ಡಿನ ಮೇಲೆ ‘ಒಳಗೆ ಕಸ, ಧೂಳು ಏನೂ ಇಲ್ಲ’ ಎಂದು ನನ್ನ ಸಹಿ. ತೊಳೆದು ಒಣಗಿಸಿ, ಕೈಗವಸು ತೊಟ್ಟು, ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಬೇಕು. ಅಲ್ಲಿ ಅವರು ಮತ್ತೆ ಬಿಚ್ಚಿ, ಗಾಳಿ ತುಂಬಿಸಿ, ಕಾಯಿಸಿ, ಅಲುಗಾಡಿಸಿ ನೋಡುತ್ತಿದ್ದರು. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಕೂಡ ಇಷ್ಟು ಪರೀಕ್ಷೆ ಮಾಡುತ್ತಿರಲಿಲ್ಲ.

ನಾನು ಬಿಜಾಪುರದ ಕಡೆಯವಳು. ಡೊಂಬಿವಲಿಯ ಒಂದು ಚಾಳಿನ, ಅಂದರೆ ವಠಾರದ, ಒಂದೂವರೆ ಕೋಣೆಯಲ್ಲಿ ಅತ್ತೆ ಮತ್ತು ಐದು ವರ್ಷದ ಮಗಳೊಂದಿಗೆ ಇದ್ದೆ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಗೆ ಬರುವ ಸಂಬಳ ನನ್ನದೊಂದೇ, ಅದೂ ಟೆಂಪರರಿ. ಈ ದೀಪಾವಳಿಗೆ ಪರ್ಮನೆಂಟ್ ಮಾಡುತ್ತೇನೆ ಎಂದು ಮಾಲೀಕರು, ನಮ್ಮ ಶೇಟ್, ಹೇಳಿದ್ದರು. ಹಿಂದಿನ ದೀಪಾವಳಿಗೂ ಇಷ್ಟೇ ವಿಶ್ವಾಸದಿಂದ ಹೇಳಿದ್ದರು.

ನಮ್ಮ ಚಾಳಿನ ಮರಾಠಿ ಹೆಂಗಸರು ಬಹಳ ಒಳ್ಳೆಯವರು. ಚೈತ್ರದಲ್ಲಿ ಹಳದಿ–ಕುಂಕುಮಕ್ಕೆ ಮನೆಮನೆ ಕರೆಯುವಾಗ ನನ್ನ ಬಾಗಿಲಿಗೂ ಬರುತ್ತಿದ್ದರು. ಮಗಳನ್ನು ಕರೆದುಕೊಂಡು ಹೋಗಿ, ನನ್ನ ಪಾಲಿನ ನೆನೆಸಿದ ಕಡಲೆಯನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದರು. ಕಡಲೆಗೆ ದೋಷವಿರಲಿಲ್ಲ. ಲೋಕಲ್ ಟ್ರೇನಿನಲ್ಲಿ ಯಾರೂ ಏನೂ ಕೇಳದಿರಲಿ ಎಂದು ನಾನು ಹಣೆಗೆ ಸಣ್ಣದೊಂದು ಕಪ್ಪು ಟಿಕಳಿ ಅಂಟಿಸಿಕೊಳ್ಳುತ್ತಿದ್ದೆ. ವರ್ಕ್‌ಶಾಪಿನಲ್ಲೂ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ವರ್ಷದ ಖಂಡೇ ನವಮಿ, ಆಯುಧಪೂಜೆಯ ದಿನ. ಪ್ರತಿ ವರ್ಷ ಶೇಟರ ಹೆಂಡತಿ ಬಂದು ಮೆಷಿನುಗಳಿಗೆ ಅರಿಸಿನ–ಕುಂಕುಮ ಹಚ್ಚುತ್ತಿದ್ದರು. ಆ ಸಲ ಅವರು ಊರಿಗೆ ಹೋಗಿದ್ದರು. ಉಡುಪಿ ಕಡೆಯ ನಮ್ಮ ಫೋರ್‌ಮನ್ ಕುಂಕುಮದ ಬಟ್ಟಲನ್ನು ತಂದು ನೇರ ನನ್ನ ಕೈಗಿಟ್ಟರು.

“ನೀವೇ ಹಚ್ಚಿಬಿಡಿ ಮಾರಾಯ್ರೆ. ಹೆಂಗಸರ ಕೈಯಿಂದ ಆದ್ರೆ ಚಂದ.”

ಆಗ ನಾನು ಹೇಳಬೇಕಿತ್ತು. ಹೇಳಲಿಲ್ಲ. ಲೇಥಿಗೆ ಹಚ್ಚಿದೆ, ಡ್ರಿಲ್ಲಿಗೆ ಹಚ್ಚಿದೆ, ನನ್ನ ಅಳತೆಯ ಗೇಜುಗಳಿಗೆ ಒಂದೊಂದಕ್ಕೂ ಹಚ್ಚಿದೆ. ಬಟ್ಟಲು ಕೆಳಗಿಡಲು ಮನಸ್ಸೇ ಬರಲಿಲ್ಲ. ಹಚ್ಚಲು ಇನ್ನೇನೂ ಉಳಿಯದಿದ್ದಾಗ ಕಪಾಟಿನಲ್ಲಿ ಸೀಲಾಗಿ ಕೂತಿದ್ದ ಹನ್ನೆರಡು ವಾಲ್ವುಗಳು ಕಂಡವು. ಕತ್ತರಿ ತೆಗೆದುಕೊಂಡು ಚೀಲಗಳನ್ನು ನಾನೇ ಕತ್ತರಿಸಿ, ಒಂದೊಂದರ ಬಾಯಿಗೂ ಬೊಟ್ಟಿಟ್ಟೆ. ಅಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ. ದಸರೆಯ ರಜೆ ಮುಗಿಸಿ ಬಂದು ಬಟ್ಟೆಯಿಂದ ಒರೆಸಿ ಹೊಸ ಚೀಲಕ್ಕೆ ಹಾಕಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಕಾರ್ಡಿಗೆ ಹೇಗೂ ಮೊದಲೇ ಸಹಿಯಾಗಿತ್ತು.

ನನ್ನ ಕಣ್ಣಿಗೆ ಕಾಣದ್ದು ಕೇಂದ್ರಕ್ಕೆ ಕಂಡಿತು. ವಾಲ್ವು ಕೂರುವ ಜಾಗದಲ್ಲಿ ಕೆಂಪು ಪುಡಿ ಸಿಕ್ಕಿದೆ, ಅದು ಸಸ್ಯಮೂಲದ್ದು, ಅದರಲ್ಲಿ ಅರಿಸಿನ ಮತ್ತು ಸುಣ್ಣದ ಅಂಶವಿದೆ ಎಂದು ಎರಡು ಪುಟ ಬರೆದಿದ್ದರು. ಇದಕ್ಕೆ ಅವರ ಲ್ಯಾಬಿನಲ್ಲಿ ಎಷ್ಟು ಜನ ಕೂತಿದ್ದರೋ. ನನ್ನ ಅತ್ತೆಯನ್ನು ಕರೆಸಿದ್ದರೆ ಮೂಸಿ ನೋಡಿ ಹೇಳಿಬಿಡುತ್ತಿದ್ದಳು.

ಶೇಟ್ ನನ್ನನ್ನು ಕರೆದು, ಕೇಂದ್ರದವರು ಈ ಕೇಸು ಮುಚ್ಚಿದರೆ ಪರ್ಮನೆಂಟ್ ಕಾಗದ, ಇನ್‌ಸ್ಪೆಕ್ಷನ್ ನಂಬುವಂತಿಲ್ಲ ಎಂದರೆ ಬೇರೆ ಕಡೆ ನೋಡಿಕೋ ಎಂದರು. ಪಕ್ಕದಲ್ಲೇ ಬಣ್ಣದ ಫ್ಯಾಕ್ಟರಿ ಇದೆ, ಅಲ್ಲಿಂದ ಹಾರಿ ಬಂತು ಎಂದುಬಿಡಿ ಎಂದು ಫೋರ್‌ಮನ್ ಉಪಾಯ ಹೇಳಿಕೊಟ್ಟರು.

ಕೇಂದ್ರದಿಂದ ಬಂದ ಅಧಿಕಾರಿ ಮೈಸೂರಿನ ಕಡೆಯವರು. ಫೋರ್‌ಮನ್ನರ ಮಾತು ಕೇಳಿದ ಕೂಡಲೇ ಕನ್ನಡಕ್ಕೆ ಇಳಿದರು. ನನ್ನನ್ನು ಎದುರಿಗೆ, ಫೋರ್‌ಮನ್ನರನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಫಾರಂ ಹರವಿದರು: ಏನಾಯಿತು, ಯಾರಿಂದ ಆಯಿತು, ಯಾಕೆ ಆಯಿತು, ಮತ್ತೆ ಆಗುವ ಸಂಭವವಿದೆಯೇ. ನಾನು ಬಣ್ಣದ ಫ್ಯಾಕ್ಟರಿಯ ಕತೆ ಹೇಳಿದೆ. ಅಲ್ಲಿ ಅರಿಸಿನ ಅರೆಯುತ್ತಾರಾ ಎಂದು ಅವರು ಕೇಳಿದರು. ಇನ್ನು ಸುಳ್ಳು ನಡೆಯುವಂತಿರಲಿಲ್ಲ. ನಾನೇ ಹಚ್ಚಿದ್ದು, ಹಬ್ಬವಿತ್ತು ಎಂದೆ.

ಅವರು ಪೆನ್ನು ಕೆಳಗಿಟ್ಟರು. “ಹಬ್ಬ ಪ್ರತಿ ವರ್ಷ ಬರುತ್ತಲ್ಲಮ್ಮ. ಹಾಗಾದ್ರೆ ಇದೂ ಪ್ರತಿ ವರ್ಷ ಆಗುತ್ತೆ. ನಿಮ್ಮ ಮಾಲು ನಾನು ಹೇಗೆ ತಗೊಳ್ಳಲಿ? ಸೀಲ್ ಆದ ಚೀಲ ಯಾಕೆ ಬಿಚ್ಚಿದ್ರಿ, ಅದನ್ನ ಹೇಳಿ.”

ಮಗಳು ನೆನಪಾದಳು. ಹೇಳಲು ನಾಚಿಕೆಯಾಗಿತ್ತು. ಆದರೂ ಹೇಳಿದೆ.

“ನಮ್ಮವ್ರು ತೀರಿಕೊಂಡು ನಾಕು ವರ್ಷ ಆತ್ರಿ. ಅವತ್ತಿನಿಂದ ಕುಂಕುಮದ ಬಟ್ಟಲಾ ಯಾರೂ ನನ್ನ ಕೈಯಾಗ ಕೊಟ್ಟಿರಲಿಲ್ಲ. ಇವ್ರಿಗೆ ಗೊತ್ತಿಲ್ದ ಕೊಟ್ರು. ಕೆಳಗ ಇಡಾಕ ಆಗ್ಲಿಲ್ರಿ.”

ಫೋರ್‌ಮನ್ ಚಹಾ ಯಾಕೆ ಬರಲಿಲ್ಲ ನೋಡುತ್ತೇನೆ ಎಂದು ಎದ್ದು ಹೋದರು. ಚಹಾ ಮೇಜಿನ ಮೇಲೆಯೇ ಇತ್ತು. ಅಧಿಕಾರಿ ಪೆನ್ನೆತ್ತಿಕೊಂಡರು. ಯಾಕೆ ಆಯಿತು ಎಂಬಲ್ಲಿ ‘ಅಪರೂಪದ ಸಂದರ್ಭ’ ಎಂದು ಬರೆದರು. ಮತ್ತೆ ಆಗುವ ಸಂಭವ ಎಂಬಲ್ಲಿ ‘ಇಲ್ಲ’ ಎಂದು ಬರೆದು, ಓದಿ ಸಹಿ ಮಾಡಿ ಎಂದು ನನ್ನ ಕಡೆ ತಿರುಗಿಸಿದರು. ದೊಡ್ಡ ಮನಸ್ಸಿನ ಮನುಷ್ಯ. ನನ್ನನ್ನು ಉಳಿಸಲೆಂದೇ ಬರೆದದ್ದು. ನಾನು ಓದಿ ಸಹಿ ಮಾಡಿದೆ.

ವಾಲ್ವುಗಳನ್ನು ಅವರೇ ಮತ್ತೆ ತೊಳೆದು ಇಟ್ಟುಕೊಂಡರಂತೆ. ಕೇಸು ಮುಚ್ಚಿತು, ದೀಪಾವಳಿ ಕಳೆದ ಮೇಲಾದರೂ ಪರ್ಮನೆಂಟ್ ಕಾಗದ ಬಂತು. ಅತ್ತೆ ಅದನ್ನು ದೇವರ ಮುಂದಿಟ್ಟಳು.

ಮುಂದಿನ ಖಂಡೇ ನವಮಿಗೂ ಶೇಟರ ಹೆಂಡತಿ ಬರಲಿಲ್ಲ. ಫೋರ್‌ಮನ್ ಬಟ್ಟಲನ್ನು ಹಿಡಿದುಕೊಂಡು ನನ್ನ ಮೇಜು ದಾಟಿ ಹೋಗಿ, ಮೆಷಿನುಗಳಿಗೆಲ್ಲ ತಾವೇ ಹಚ್ಚಿದರು. ಆಮೇಲೆ ಬಂದು, ನನ್ನ ಮುಖ ನೋಡದೆ ಎರಡು ಪೇಢೆ ಕೊಟ್ಟರು. ಅಲ್ಲಿ ಇನ್ನೂ ಹತ್ತು ವರ್ಷ ಕೆಲಸ ಮಾಡಿದೆ. ಕೇಂದ್ರದವರು ಬರೆದ ಆ ‘ಇಲ್ಲ’ ಒಂದು ವರ್ಷವೂ ಸುಳ್ಳಾಗಲಿಲ್ಲ.